ಚರ್ಮದ ಮೇಲೆ ಬರೆದದ್ದೆಲ್ಲ ವಂಶದ ಬರಹವಲ್ಲ

ಬೀದರ, ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ವಿಷಯ ಬಂದಾಗಲೆಲ್ಲ ಕೇಳಿಬರುವ ಮಾತೊಂದುಂಟು: ‘ಅಪ್ಪಗೂ ಇತ್ತು, ಅಜ್ಜಗೂ ಇತ್ತು, ನಮ್ಮ ಮನೆತನಕ್ಕೇ ಬಂದದ್ದು.’ ಇದರಲ್ಲಿ ಅರ್ಧ ಸತ್ಯವಿದೆ. ಮಧುಮೇಹ ಬರುವುದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದೇ. ಆದರೆ ಕಣ್ಣು ಮಂಜಾಗುವುದು, ಮೂತ್ರಪಿಂಡ ಸೋಲುವುದು, ಕಾಲು ಕಳೆದುಕೊಳ್ಳುವುದು ಇವನ್ನೂ ಅದೇ ಲೆಕ್ಕಕ್ಕೆ ಬರೆದು ಕೈಚೆಲ್ಲಿ ಕೂಡುವುದನ್ನು ಒಪ್ಪಲಾಗದು. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟಬಾರದೆಂದ ಬಸವಣ್ಣನವರ ನಾಡಿನಲ್ಲಿ ಹುಟ್ಟಿನ ಹೆಸರು ಹೇಳಿ ರೋಗಕ್ಕೆ ಶರಣಾಗುವುದು ವಿಚಿತ್ರವೇ ಸರಿ.

ರಕ್ತದಲ್ಲಿ ಹೆಚ್ಚಾದ ಸಕ್ಕರೆಯು ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು ನಾಲ್ಕು ತಿಂಗಳು. ಆದ್ದರಿಂದ ಎಚ್‌ಬಿಎ1ಸಿ ಪರೀಕ್ಷೆಯು ಕಳೆದ ಎರಡು-ಮೂರು ತಿಂಗಳ ಲೆಕ್ಕವನ್ನಷ್ಟೇ ಹೇಳಬಲ್ಲದು. ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ವರ್ಷಗಟ್ಟಲೆ ಉಳಿಯುವಂಥದು. ಅದಕ್ಕೆ ಅಂಟಿದ ಸಕ್ಕರೆ ಕಾಲಾಂತರದಲ್ಲಿ ಎಳೆಗಳನ್ನು ಒಂದಕ್ಕೊಂದು ಬಿಗಿದು ಗಡುಸಾಗಿಸುತ್ತದೆ. ಇಷ್ಟಲಿಂಗ ಪೂಜೆಯಲ್ಲಿ ನಿತ್ಯ ಕೈ ಜೋಡಿಸುವ ನಮಗೆ ಇದನ್ನು ಗುರುತಿಸುವುದು ಕಷ್ಟವಲ್ಲ. ನಮಸ್ಕಾರಕ್ಕೆ ಕೈ ಮುಗಿದಾಗ ಅಂಗೈ, ಬೆರಳುಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿದರೆ ವೈದ್ಯರು ಅದನ್ನು ‘ಪ್ರಾರ್ಥನೆಯ ಚಿಹ್ನೆ’ ಎಂದೇ ಕರೆಯುತ್ತಾರೆ. ಹೊಲದ ದುಡಿಮೆಯಿಂದಲೂ ವಯಸ್ಸಿನಿಂದಲೂ ಕೈ ಬಿಗಿಯಬಹುದು, ನಿಜ. ಆದರೂ ಮಧುಮೇಹಿಯ ಕೈ ಹೀಗಾದರೆ ಕಣ್ಣು ಮತ್ತು ಮೂತ್ರಪಿಂಡವನ್ನು ತೋರಿಸಿಕೊಳ್ಳುವುದೇ ಲೇಸು.

ಹಾಗಾದರೆ ಚರ್ಮದ ಈ ಗುರುತು ವಂಶದ್ದೋ ಸಕ್ಕರೆಯದೋ? ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ, ಇನ್ಸುಲಿನ್ ಇಲ್ಲದೆ ಬದುಕಲಾಗದ ಮೊದಲನೆಯ ಬಗೆಯ 1441 ಮಧುಮೇಹಿಗಳ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. ಅವರಲ್ಲಿ 216 ಜನರ ಚರ್ಮದ ಚೂರು ತೆಗೆದು ನೋಡಿದಾಗ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರ ಕೊಲಾಜನ್‌ಗೆ ಅಂಟಿದ್ದ ಸಕ್ಕರೆ ಕಡಿಮೆಯಿತ್ತು. ಆರಂಭದಲ್ಲಿ ಕಣ್ಣು ಚೆನ್ನಾಗಿದ್ದವರ ಪೈಕಿ ಬಿಗಿ ಹತೋಟಿಯ ಗುಂಪಿನಲ್ಲಿ ಅಕ್ಷಿಪಟಲದ ಹಾನಿಯ ಅಪಾಯ ಶೇ. 76ರಷ್ಟು ಇಳಿದಿತ್ತು. ನಮ್ಮಲ್ಲಿ ಹೆಚ್ಚಾಗಿರುವ ಎರಡನೆಯ ಬಗೆಯಲ್ಲೂ ಹತೋಟಿಯಿಂದ ಸಣ್ಣ ರಕ್ತನಾಳಗಳಿಗೆ ರಕ್ಷಣೆ ಸಿಗುವುದನ್ನು ಬ್ರಿಟನ್ನಿನ ಅಧ್ಯಯನ 1998ರಲ್ಲಿ ತೋರಿಸಿತು.

ಜೀನುಗಳ ಪಾಲೂ ಇದೆ. ಸಕ್ಕರೆ ಅಂಟಿ ಬಿಗಿದ ಕೊಲಾಜನ್ ನೇರಳಾತೀತ ಬೆಳಕಿಗೆ ಮಿನುಗುತ್ತದೆ. ಆ ಮಿನುಗನ್ನು ಅಳೆಯುವ ಯಂತ್ರಗಳು ಈಗ ಬಂದಿವೆ. ಅದೇ ಅಮೆರಿಕದ ಅಧ್ಯಯನದವರ ಅಳತೆಗಳಲ್ಲಿ ಎನ್‌ಎಟಿ2 ಎಂಬ ಜೀನಿನ ಪ್ರಭಾವ ದೊಡ್ಡದೆಂದು 2014ರಲ್ಲಿ ಪ್ರಕಟವಾಯಿತು. ಈ ಜೀನು ಪ್ರಸಿದ್ಧವಾದದ್ದು ಬೇರೆ ಕಾರಣಕ್ಕೆ: ಕ್ಷಯರೋಗದ ಐಸೋನಿಯಜಿಡ್ ಮಾತ್ರೆಯಂಥ ಔಷಧಗಳನ್ನು ಯಕೃತ್ತು ಎಷ್ಟು ಬೇಗ ವಿಲೇವಾರಿ ಮಾಡುವುದೆಂಬುದು ಅದರ ಕೈಯಲ್ಲಿದೆ. ಅಂದರೆ ಚರ್ಮ ಮಿನುಗುವುದಕ್ಕೆಲ್ಲ ಸಕ್ಕರೆಯೇ ಕಾರಣವಲ್ಲ. ಒಬ್ಬರಿಗೆ ಅಳತೆ ಹೆಚ್ಚು ಬಂದ ಮಾತ್ರಕ್ಕೆ ಅವರ ಕಾಲು ಹೋಗುತ್ತದೆಂದು ಬರೆದಿಟ್ಟಂತಲ್ಲ. ಮೇಲಾಗಿ ಕಪ್ಪು ಚರ್ಮ ಆ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ನಮ್ಮಂಥವರ ವಿಷಯದಲ್ಲಿ ಯಂತ್ರ ತಪ್ಪು ಹೇಳುವ ಸಂಭವವೂ ಉಂಟು. ಜೀನ್ ಪರೀಕ್ಷೆಗೆಂದು ಹೈದರಾಬಾದಿಗೆ ಹೋಗಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ‘ಬೇಡ’ ಎಂಬುದೇ. ಆ ದುಡ್ಡು ಮಾತ್ರೆಗೂ ಪಾದರಕ್ಷೆಗೂ ಆದೀತು.

ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿದರೆ, ಸ್ಪರ್ಶ ಉಳಿದಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮೂವತ್ತು ದಾಟಿದವರ ಮಧುಮೇಹ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೇ ಇದೆ. ಅಲ್ಲಿ ಕಾಲನ್ನೂ ನೋಡಿರೆಂದು ನಾವು ಕೇಳಬೇಕು. ಬೀದರದ ಝರಣಿ ನರಸಿಂಹನ ಗುಹೆಯ ನೀರಿನಲ್ಲಿ ಬರಿಗಾಲಲ್ಲಿ ನಡೆಯುವವರಲ್ಲಿ, ಚೈತ್ರ-ವೈಶಾಖದ ಜಾತ್ರೆಗಳಲ್ಲಿ ಕಾದ ಹಾಸುಗಲ್ಲು ತುಳಿಯುವವರಲ್ಲಿ ಜೋಮು ಹಿಡಿದ ಪಾದದವರು ಇದ್ದೇ ಇರುತ್ತಾರೆ. ಅವರಿಗೆ ಗಾಯವಾದದ್ದು ಮನೆಗೆ ಬಂದ ಮೇಲೂ ತಿಳಿಯುವುದಿಲ್ಲ. ಮಠಗಳ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯ ಪಕ್ಕದಲ್ಲೇ ಕಾಲು ನೋಡುವ ಒಂದು ಮೇಜು ಹಾಕಿದರೆ, ಒಬ್ಬ ದಾದಿ, ಒಂದು ಎಳೆ, ಒಂದು ವಹಿ ಸಾಕು. ಮುಂದಿನ ಜಾತ್ರೆಗೆ ಯಾವ ಮಠವಾದರೂ ಇದನ್ನು ಆರಂಭಿಸಬಹುದು.