ದಾರಿ ಕೇಳುವ ಸುಖ ಯಾರದು?

ನಮ್ಮ ಅಂಕಣಗಳಲ್ಲಿ, ವಿಚಾರ ಸಂಕಿರಣಗಳ ಊಟದ ಬಿಡುವಿನಲ್ಲಿ ಆಗಾಗ ಕೇಳಿಬರುವ ಒಂದು ದುಃಖವಿದೆ. ಹಿಂದೆಲ್ಲ ದಾರಿ ತಪ್ಪಿದರೆ ಗೂಡಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೇಳುತ್ತಿದ್ದೆವು, ಅಂಗಡಿಯವನು ದಾರಿಯ ಜೊತೆ ಒಂದು ಕತೆಯನ್ನೂ ಕಟ್ಟಿ ಕೊಡುತ್ತಿದ್ದ, ಈಗ ಎಲ್ಲರೂ ಯಂತ್ರ ಹೇಳಿದ ಕಡೆ ತಿರುಗುತ್ತಾರೆ, ಮನುಷ್ಯ ಸಂಬಂಧವೇ ಮುಗಿಯಿತು ಎಂಬುದು ಅದರ ಸಾರ. ನಾನೂ ಕೆಲವು ವರ್ಷ ಇದಕ್ಕೆ ತಲೆಯಾಡಿಸಿದವಳೇ. ಹಳೆಯ ಕಾರೊಂದನ್ನು ಕೊಂಡು ಕ್ಷೇತ್ರಕಾರ್ಯಕ್ಕೆ ಒಬ್ಬಳೇ ಓಡಾಡತೊಡಗಿದ ಮೇಲೆ ತಲೆಯಾಡಿಸುವುದನ್ನು ನಿಲ್ಲಿಸಿದೆ. ಈ ದುಃಖವನ್ನು ನಾನು ಕೇಳಿದ್ದೆಲ್ಲ ಗಂಡಸರ ಬಾಯಿಂದ ಎಂಬುದು ಆಗಷ್ಟೇ ಹೊಳೆಯಿತು.

ನಾನಿರುವುದು ಮಂಗಳೂರಿನ ಪಂಪ್‌ವೆಲ್‌ನ ಒಂದು ಬಾಡಿಗೆ ಕೋಣೆಯಲ್ಲಿ. ಕೆಲಸ ತುಳುನಾಡಿನ ಸ್ಥಳನಾಮಗಳ ಮೇಲೆ. ಹೀಗಾಗಿ ಒಳದಾರಿಗಳಲ್ಲಿ, ಪದವುಗಳಲ್ಲಿ, ಬೈಲುಗಳಲ್ಲಿ ದಾರಿ ಕೇಳುವುದು ನನಗೆ ಹವ್ಯಾಸವಲ್ಲ, ದಿನದ ಪಾಡು. ನಮ್ಮ ಕಡೆ ದಾರಿ ಕೇಳಿದರೆ ಮೊದಲು ಸಿಗುವುದು ದಾರಿಯಲ್ಲ, ಪ್ರಶ್ನೆ. 'ಏರ್ನ ಇಲ್ಲಡೆಗ್?' ಯಾರ ಮನೆಗೆ? ಆಮೇಲೆ ಎಲ್ಲಿಂದ ಬಂದದ್ದು, ಒಬ್ಬರೇಯಾ, ಮದುವೆ ಆಗಿದೆಯಾ, ಹೆಸರೇನು. ಹೆಸರು ಸಾಲದಿದ್ದರೆ ತಂದೆಯ ಹೆಸರು, ಅದೂ ಸಾಲದಿದ್ದರೆ ಮನೆಯ ಹೆಸರು. ಜಾತಿ ಗೊತ್ತಾದ ಮೇಲೆ ಎಡವೋ ಬಲವೋ ಗೊತ್ತಾಗುತ್ತದೆ. ಅಂಕಣಕಾರರು ಹೇಳುವ 'ದಾರಿಯ ಜೊತೆಗಿನ ಕತೆ' ಇಲ್ಲೂ ಇದೆ. ಆದರೆ ಅದನ್ನು ಹೇಳಬೇಕಾದವಳು ನಾನು.

ಒಮ್ಮೆ ಬೇರೆ ಧರ್ಮದ ಸಹಸಂಶೋಧಕನೊಬ್ಬ ಕಾರಿನಲ್ಲಿದ್ದ. ಕತ್ತಲಾಗಿತ್ತು. ಒಂದು ಕಟ್ಟೆಯ ಬಳಿ ನಿಲ್ಲಿಸಿ ದಾರಿ ಕೇಳಿದೆವು. ದಾರಿಯನ್ನು ಸರಿಯಾಗಿಯೇ ಹೇಳಿದರು. ಆದರೆ ಹೊರಟ ಮೇಲೆ ಎರಡು ಬೈಕುಗಳು ಹೆದ್ದಾರಿಯವರೆಗೂ ಹಿಂದೆಯೇ ಬಂದವು. ಏನೂ ಆಗಲಿಲ್ಲ. ಆದರೆ ಈ ಜಿಲ್ಲೆಯಲ್ಲಿ ಬೆಳೆದವರಿಗೆ 'ಏನೂ ಆಗಲಿಲ್ಲ' ಎಂಬ ಮಾತಿನ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಅವತ್ತು ರಾತ್ರಿಯೇ ನಾನು ಕಾರಿನಲ್ಲಿಡುವ ಜಿಪಿಎಸ್ ನ್ಯಾವಿಗೇಟರ್ ಹುಡುಕಲು ಕುಳಿತೆ.

ಹುಡುಕಿದರೆ ಸಿಗುವ ಸಲಹೆಗಳೆಲ್ಲ ಪರದೆಯ ಬಗ್ಗೆ. ಐದು ಇಂಚೋ ಏಳು ಇಂಚೋ, ಬ್ಯಾಟರಿ ಎಷ್ಟು ಹೊತ್ತು, ಗಾಜಿಗೆ ಅಂಟುವ ಹಿಡಿ ಗಟ್ಟಿಯೋ ಅಲ್ಲವೋ. ಗೆಳೆಯರು ನಕ್ಕರು: ಈ ಕಾಲದಲ್ಲಿ ಯಾರು ಡಬ್ಬ ಕೊಳ್ಳುತ್ತಾರೆ, ಫೋನಿದೆಯಲ್ಲ? ನಿಜ, ಫೋನಿದೆ. 2020ರ ಅಕ್ಟೋಬರ್ 1ರಿಂದ ನಮ್ಮ ಮೋಟಾರು ವಾಹನ ನಿಯಮಗಳು ಕೂಡ, ಗಮನ ಕೆಡದಂತೆ, ಬರೀ ದಾರಿ ನೋಡಲು ಫೋನನ್ನು ಬಳಸಬಹುದು ಎನ್ನುತ್ತವೆ. ಆದರೆ ಡಬ್ಬಕ್ಕೂ ಫೋನಿಗೂ ಇರುವ ಮುಖ್ಯ ವ್ಯತ್ಯಾಸ ಇಂಚಿನಲ್ಲಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸದಾ ತಮ್ಮ ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಿರುತ್ತವೆ. ಕೆಳಗಿನ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ತಲುಪಲು ಹಿಡಿದ ಹೊತ್ತಿನಿಂದ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಅದು ಬರೀ ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. ಸಿಮ್ ಇಲ್ಲದ, ನಕಾಶೆಯನ್ನು ಒಳಗೇ ಇಟ್ಟುಕೊಂಡ ಡಬ್ಬಕ್ಕೆ ನಾನು ಎಲ್ಲಿದ್ದೇನೆಂದು ಗೊತ್ತು. ಆದರೆ ಅದನ್ನು ಆ ಕ್ಷಣಕ್ಕೆ ಇನ್ನೊಬ್ಬರಿಗೆ ಮುಟ್ಟಿಸುವ ದಾರಿ ಅದಕ್ಕಿಲ್ಲ. ಫೋನು ಹಾಗಲ್ಲ. ನಾನು ಕಾರು ಕೊಂಡ ದಿನ ಮನೆಯವರು ಹಾಕಿದ ಒಂದೇ ಷರತ್ತು, ಲೈವ್ ಲೊಕೇಶನ್ ಹಾಕಿಟ್ಟಿರಬೇಕು ಎಂಬುದು. ಪ್ರೀತಿಯಿಂದಲೇ ಹೇಳಿದ್ದು. ಅಣ್ಣನಿಗೆ ಕಾರು ಕೊಡಿಸಿದಾಗ ಆ ಪ್ರೀತಿ ಎಲ್ಲಿತ್ತು ಎಂದು ನಾನು ಕೇಳಲಿಲ್ಲ.

ಹಾಗಾಗಿ ಅಂಕಣಕಾರರಿಗೆ ನನ್ನ ಮೊದಲ ಉತ್ತರ ಇದು. ನಿಮ್ಮ ಗೂಡಂಗಡಿಯವನು ಕೇಳುವ ಪ್ರಶ್ನೆಗಳಿಂದಲೂ ನನ್ನ ಮನೆಯವರ ನೋಟದಿಂದಲೂ ಒಂದಿಷ್ಟು ಹೊತ್ತು ನನ್ನನ್ನು ಬಿಡಿಸಿದ್ದು ನೀವು ಬೈಯುವ ಈ ಯಂತ್ರವೇ. ಅದು ಹುಟ್ಟಿನಿಂದ ಪರಿಶುದ್ಧವೇನಲ್ಲ. ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ್ದು. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೈನ್ಯ ಹೊಡೆದುರುಳಿಸಿದ ಮೇಲೆ ಜನಸಾಮಾನ್ಯರಿಗೂ ಕೊಡುತ್ತೇವೆ ಎಂಬ ಮಾತು ಬಂತು. ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದರು. ಈಗ ನಮ್ಮದೇ ನಾವಿಕ್ ಇದೆ. ಇಸ್ರೋದ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಆಚೆ, ಬ್ಯಾಲಾಳಿನಲ್ಲಿ. ಸೈನ್ಯದ್ದಿರಲಿ, ಸರಕಾರದ್ದಿರಲಿ, ಇವು ಯಾವುವೂ ನನ್ನ ಮನೆಯ ಹೆಸರು ಕೇಳಿಲ್ಲ.

ಆದರೆ ಯಂತ್ರದ ಭಕ್ತರಿಗೂ ಒಂದು ಮಾತು ಹೇಳಬೇಕಿದೆ. ಉಪಗ್ರಹ ಹೇಳುವುದು ಬರೀ ಅಂಕಿಗಳನ್ನು. ಊರನ್ನು ಹೇಳುವುದು ನಕಾಶೆ, ನಕಾಶೆಯನ್ನು ಬರೆಯುವವರು ಮನುಷ್ಯರು. ಪಂಪ್‌ವೆಲ್‌ನಲ್ಲೇ ನೋಡಿ. ಸುಮಾರು ಒಂದು ದಶಕ ಎಳೆದು, ಊರಿಡೀ ನಗೆಪಾಟಲಾಗಿ, ಕೊನೆಗೆ 2020ರ ಜನವರಿ 31ರಂದು ಇಲ್ಲಿನ ಮೇಲ್ಸೇತುವೆ ತೆರೆಯಿತು. ಅದಕ್ಕೂ ಹಿಂದಿನ ನಕಾಶೆ ತುಂಬಿಕೊಂಡ ಡಬ್ಬಕ್ಕೆ ಈ ಸೇತುವೆ ಹುಟ್ಟಿಯೇ ಇಲ್ಲ. ಹೊಸ ನಕಾಶೆಯಿದ್ದರೂ ಪೂರ್ತಿ ಪಾರಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಸೇತುವೆಯ ಮೇಲೆ, ಪಡೀಲಿನಿಂದ ಕಂಕನಾಡಿಗೆ ಹೋಗುವ ದಾರಿ ಅದರ ಕೆಳಗೆ. ಜಿಪಿಎಸ್ ಅಕ್ಕಪಕ್ಕದಷ್ಟು ಚೆನ್ನಾಗಿ ಎತ್ತರವನ್ನು ಅಳೆಯಲಾರದು. ಮೇಲಿದ್ದೇವೋ ಪಕ್ಕದ ಸರ್ವೀಸ್ ರಸ್ತೆಯಲ್ಲಿದ್ದೇವೋ ಎಂದು ಅದು ಗೊಂದಲಕ್ಕೆ ಬೀಳುವುದು ಸಹಜ. ಕೊಣಾಜೆಗೆ ಹೊರಟವರು ಸೇತುವೆ ಏರಬೇಕೋ ಬೇಡವೋ ಎಂಬುದನ್ನು ಕಣ್ಣೇ ನಿರ್ಧರಿಸಬೇಕು.

ಹೆಸರುಗಳದ್ದು ಇನ್ನೂ ದೊಡ್ಡ ಕತೆ. ಇದೇ ವೃತ್ತಕ್ಕೆ ಕಾಗದದ ಮೇಲೆ ಮಹಾವೀರರ ಹೆಸರಿದೆ. ಬಸ್ಸಿನ ಕಂಡಕ್ಟರ್ ಕೂಗುವುದು ಪಂಪ್‌ವೆಲ್ ಎಂದೇ. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ ಎಂದರೆ ನಾಲ್ಕು ದಿಕ್ಕು. ಮೂಡುಬಿದಿರೆಯೂ ಪಡುಬಿದ್ರಿಯೂ ಈ ದಿಕ್ಕನ್ನು ಹೆಸರಿನಲ್ಲೇ ಹೊತ್ತ ಊರುಗಳು. ಪಡುಬಿದ್ರಿಯ ಬಳಿ ತೆಂಕ ಎರ್ಮಾಳು, ಬಡಾ ಎರ್ಮಾಳು ಎಂಬ ಎರಡು ಊರುಗಳಿವೆ; ಹೆದ್ದಾರಿಯಲ್ಲಿ ಹೋಗುವವನಿಗೆ ಯಾವುದು ತೆಂಕಣದ್ದು, ಯಾವುದು ಬಡಗಣದ್ದು ಎಂದು ಹೆಸರೇ ಹೇಳುತ್ತದೆ. ಯಂತ್ರ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ನೆಲದ ಮೇಲೆ ಬರೆದಿಟ್ಟ ನ್ಯಾವಿಗೇಷನ್ ಇದು. ಇಂಗ್ಲಿಷ್ ಅಕ್ಷರಕ್ಕಿಳಿದ 'ಬಡಾ' ಪರದೆಯ ಮೇಲೆ ಬಂದಾಗ ಹೊರಗಿನವರಿಗೆ ಅದು ಹಿಂದಿಯ 'ದೊಡ್ಡದು' ಆಗಿಬಿಡುತ್ತದೆ. ದಿಕ್ಕು ಹೋಗಿ ಗಾತ್ರ ಉಳಿಯುತ್ತದೆ.

ಆದ್ದರಿಂದ ನ್ಯಾವಿಗೇಟರ್ ಆರಿಸುವಾಗ ನಾನು ಕೇಳಿದ ಪ್ರಶ್ನೆಗಳು ಬೇರೆ. ನಕಾಶೆ ಒಳಗೇ ಇರುತ್ತದೆಯೇ, ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಸತ್ತಾಗಲೂ ದಾರಿ ಉಳಿಯುತ್ತದೆಯೇ? ನನ್ನ ಓಡಾಟದ ದಾಖಲೆಯನ್ನು ನಾನೇ ಅಳಿಸಬಹುದೇ? ಊರ ಹೆಸರು ಕನ್ನಡದಲ್ಲಿ ಕಾಣುತ್ತದೆಯೇ? ತಪ್ಪಿದ್ದರೆ ನಾನು ತಿದ್ದಬಹುದೇ? ಅಂಗಡಿಯಲ್ಲಿ ನೋಡಿದ ಡಬ್ಬಗಳು ಮೊದಲೆರಡಕ್ಕೆ ಹೂಂ ಎಂದವು, ಉಳಿದೆರಡಕ್ಕೆ ಸುಮ್ಮನಾದವು. ನನ್ನ ಫೆಲೋಶಿಪ್ಪಿನ ಹಣಕ್ಕೆ ಬೆಲೆಯೂ ಎಟುಕುವಂತಿರಲಿಲ್ಲ.

ಕೊನೆಗೆ ಮೂಲೆಯಲ್ಲಿದ್ದ ಹಳೆಯ ಫೋನನ್ನು ಹೊರತೆಗೆದೆ. ಸಿಮ್ ಕಿತ್ತೆ, ಎಲ್ಲ ಖಾತೆಗಳನ್ನೂ ತೆಗೆದುಹಾಕಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ ಕರ್ನಾಟಕ, ಕೇರಳಗಳ ನಕಾಶೆ ಇಳಿಸಿಕೊಂಡೆ. ನೆಟ್‌ವರ್ಕ್ ಸಹಾಯವಿಲ್ಲದ ಕಾರಣ ಮೊದಲ ಸಲ ಆಕಾಶ ಕಾಣುವ ಕಡೆ ಕೆಲವು ನಿಮಿಷ ಕಾಯಬೇಕು, ಟ್ರಾಫಿಕ್ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಬಿಸಿಲಿಗೆ ಕಾಯುತ್ತದೆ. ಈ ಕೊರತೆಗಳ ಜೊತೆಗೇ ಅದು ನನ್ನ ನ್ಯಾವಿಗೇಟರ್. 2004ರಲ್ಲಿ ಶುರುವಾದ ಆ ನಕಾಶೆಯನ್ನು ಯಾರು ಬೇಕಾದರೂ ತಿದ್ದಬಹುದು. ಒಂದೇ ಊರಿಗೆ ಕನ್ನಡದ ಹೆಸರನ್ನೂ ತುಳುವಿನ ಹೆಸರನ್ನೂ ಬೇರೆಬೇರೆಯಾಗಿ ಬರೆಯುವ ಸೌಲಭ್ಯ ಅದರಲ್ಲಿದೆ.

ಈಗಲೂ ನಾನು ಜನರ ಬಳಿ ಗಾಡಿ ನಿಲ್ಲಿಸುತ್ತೇನೆ. ಹಗಲಿನಲ್ಲಿ, ನನಗೆ ಬೇಕಾದ ಕಡೆ, ಬೇಕಾದವರ ಹತ್ತಿರ. ದಾರಿ ಗೊತ್ತಿರುವುದರಿಂದ ಕೇಳುವ ಪ್ರಶ್ನೆಯೇ ಬೇರೆಯಾಗಿದೆ: ಈ ಗುಡ್ಡಕ್ಕೆ ನೀವು ಏನೆನ್ನುತ್ತೀರಿ? ಮೊನ್ನೆ ಬೀಡಿ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಒಂದೇ ತೋಡಿಗೆ ಮೂರು ಹೆಸರು ಹೇಳಿದರು, ನನ್ನ ಹೆಸರು ಕೇಳಲು ಮರೆತರು. ಯಂತ್ರದಿಂದ ಮನುಷ್ಯ ಸಂಬಂಧ ಸತ್ತಿತೆಂದು ಮುಂದಿನ ವಾರ ಬರೆಯಲು ಕುಳಿತವರಲ್ಲಿ ನನ್ನದೊಂದು ವಿನಂತಿ. ಬರೆಯುವ ಮೊದಲು ನಿಮ್ಮ ಮನೆಯ ಹೆಂಗಸರನ್ನು ಕೇಳಿ: ರಾತ್ರಿ ಎಂಟರ ಮೇಲೆ, ಗುರುತಿಲ್ಲದ ಊರಲ್ಲಿ, ಅವರು ಎಷ್ಟು ಸಲ ಗಾಜು ಇಳಿಸಿ ದಾರಿ ಕೇಳಿದ್ದಾರೆ?