ಆಟಕ್ಕೂ ಇರಲಿ ಒಂದು ಲೆಕ್ಕದ ಪುಸ್ತಕ

ಹಾಲಿನ ಲೆಕ್ಕಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಿ. ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖು ಬರೆದಿಡುತ್ತೀರಿ. ಚೀಟಿಗೆ ಕಟ್ಟಿದ ಕಂತು, ಅಂಗಡಿಯ ಬಾಕಿ, ಮಗುವಿಗೆ ಹಾಕಿಸಿದ ಲಸಿಕೆ, ಎಲ್ಲವೂ ಒಂದು ಕಡೆ ಬರೆದಿರುತ್ತೆ. ನೆನಪನ್ನೇ ನಂಬಿ ಕೂತರೆ ತಿಂಗಳ ಕೊನೆಗೆ ಹಾಲಿನವನು ಹೇಳಿದ್ದೇ ಲೆಕ್ಕ ಅನ್ನೋದು ನಮಗೆಲ್ಲ ಚೆನ್ನಾಗಿ ಗೊತ್ತು. ಹಾಗಿರುವಾಗ, ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಓಡುವ ಮಗಳ ಆಟದ ಲೆಕ್ಕ ಮಾತ್ರ ಎಲ್ಲೂ ಇಲ್ಲವಲ್ಲ!

‘ಯಾಕಿಲ್ಲ, ಶೋಕೇಸ್ ತುಂಬ ಕಪ್ಪುಗಳಿವೆ, ಸರ್ಟಿಫಿಕೇಟುಗಳ ಫೈಲೇ ಇದೆ’ ಅನ್ನಬಹುದು ನೀವು. ಅದು ಗೆದ್ದ ದಿನಗಳ ಲೆಕ್ಕ. ವರ್ಷದಲ್ಲಿ ಅಂಥ ದಿನ ನಾಲ್ಕೋ ಐದೋ. ಉಳಿದ ದಿನಗಳಲ್ಲಿ ಅವಳು ಏನು ಮಾಡಿದಳು, ಎಷ್ಟು ದಣಿದಳು, ಎಲ್ಲಿ ನೋವಾಯ್ತು ಅನ್ನೋದನ್ನು ಹೇಳೋರು ಯಾರು? ಅದಕ್ಕೇ ಆಟಗಾರ್ತಿಗೊಂದು ದಿನಚರಿ ಪುಸ್ತಕ ಬೇಕೇ ಬೇಕು ಅನ್ನೋದು ನನ್ನ ವಾದ.

ಒಂದು ಸೆಂಟಿಮೀಟರಿಗೆ ಎಂಟು ವರ್ಷ

ಆಟದಲ್ಲಿ ಏಳಿಗೆ ಅನ್ನೋದು ಎಷ್ಟು ನಿಧಾನ ನೋಡಿ. 2004ರಲ್ಲಿ ಕೇರಳದ ಬಾಬಿ ಅಲೋಷಿಯಸ್ ಎತ್ತರ ಜಿಗಿತದಲ್ಲಿ 1.91 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಅದನ್ನು ಮುರಿದವರು ನಮ್ಮ ಕರ್ನಾಟಕದ ಸಹನಾ ಕುಮಾರಿ, 2012ರಲ್ಲಿ. ಎಷ್ಟು ಹಾರಿ? 1.92 ಮೀಟರ್. ಒಂದು ಬೆರಳಗಲದಷ್ಟು ಮೇಲೇರಲು ಇಡೀ ದೇಶಕ್ಕೆ ಎಂಟು ವರ್ಷ ಬೇಕಾಯಿತು!

ಇನ್ನು ಹೈಸ್ಕೂಲಿನ ಹುಡುಗಿಯೊಬ್ಬಳು ಉದ್ದ ಜಿಗಿತದಲ್ಲಿ ಮೂರು ತಿಂಗಳಿಗೆ 4.20 ಮೀಟರಿನಿಂದ 4.26ಕ್ಕೆ ಹೋದರೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಅವಳಿಗೇ ಅದು ಕಾಣಿಸುವುದಿಲ್ಲ. ‘ನಂಗೆ ಬರಲ್ಲಮ್ಮ, ಬಿಟ್ಟುಬಿಡ್ತೀನಿ’ ಅಂತಾಳೆ. ಬರೆದಿಟ್ಟಿದ್ದರೆ ಆ ಆರು ಸೆಂಟಿಮೀಟರ್ ಅವಳ ಕಣ್ಣೆದುರಿಗೇ ಇರುತ್ತಿತ್ತು.

ಬರೆಯೋದು ಹೊಸಬರಿಗೆ ಮಾತ್ರ ಅಂದುಕೊಳ್ಳಬೇಡಿ. 2007ರ ವಿಂಬಲ್ಡನ್‌ನಲ್ಲಿ ಸೆರೆನಾ ವಿಲಿಯಮ್ಸ್ ಅಂಕಣದ ಬದಿ ಬದಲಿಸುವ ಬಿಡುವಿನಲ್ಲಿ, ತಾನೇ ಬರೆದುಕೊಂಡು ತಂದಿದ್ದ ಟಿಪ್ಪಣಿಗಳನ್ನು ಓದಿಕೊಳ್ಳುತ್ತಿದ್ದರು. ಆಗಲೇ ಎಂಟು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದಿದ್ದವರು ಅವರು!

ಏನೇನು ಬರೆಯಬೇಕು?

ಪುಟಗಟ್ಟಲೆ ಬೇಡ. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಸಾಕು.

• ಮಾಡಿದ್ದೇನು: ‘ಪ್ರಾಕ್ಟೀಸ್ ಮಾಡಿದೆ’ ಅಂತ ಬರೆದರೆ ಏನೂ ತಿಳಿಯಲ್ಲ. ‘200 ಮೀಟರ್ ಆರು ಸಲ, ನಡುವೆ 3 ನಿಮಿಷ ವಿಶ್ರಾಂತಿ, ಕೊನೆಯ ಓಟ 34 ಸೆಕೆಂಡು’ ಅಂತ ಬರೆಯಲಿ.

• ಎಷ್ಟು ಕಷ್ಟವಾಯಿತು: 10ಕ್ಕೆ ಇಷ್ಟು ಅಂತ ಅವಳೇ ಅಂಕ ಕೊಟ್ಟುಕೊಳ್ಳಲಿ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ. 60 ನಿಮಿಷಕ್ಕೆ 7 ಅಂಕವಾದರೆ 420. ಕ್ರೀಡಾ ತರಬೇತಿಯಲ್ಲಿ ಬಳಕೆಯಲ್ಲಿರುವ ಲೆಕ್ಕವೇ ಇದು. ವಾರದ ಮೊತ್ತ ಕೂಡಿಡಿ. ಒಂದು ವಾರ ಅದು ದಿಢೀರನೆ ಏರಿ, ಹಿಂದೆಯೇ ಮೊಣಕಾಲೋ ಮೀನಖಂಡವೋ ನೋಯತೊಡಗಿದರೆ ಕಾರಣ ಹುಡುಕುತ್ತ ಅಲೆಯಬೇಕಾಗಿಲ್ಲ.

• ನಿದ್ದೆ, ಊಟ, ನೋವು: ಎಷ್ಟು ಗಂಟೆ ಮಲಗಿದಳು, ತಿಂಡಿ ತಿಂದು ಹೋದಳೇ, ಎಲ್ಲಾದರೂ ನೋವಿದೆಯೇ.

• ಮುಟ್ಟಿನ ದಿನಗಳು: ಸಂಕೋಚ ಬೇಡ. ಆ ದಿನಗಳಲ್ಲಿ ಕೆಲವರಿಗೆ ಮೈ ಭಾರ, ಕೆಲವರಿಗೆ ಏನೂ ವ್ಯತ್ಯಾಸವೇ ಇಲ್ಲ. ತನ್ನ ಮೈ ಯಾವ ಥರ ಅನ್ನೋದು ನಾಲ್ಕೈದು ತಿಂಗಳು ಬರೆದ ಮೇಲೆ ಅವಳಿಗೇ ಗೊತ್ತಾಗುತ್ತೆ.

• ಸರಿಯಾದದ್ದು ಒಂದು, ತಿದ್ದಬೇಕಾದದ್ದು ಒಂದು: ‘ಕಂಬದ ಹತ್ತಿರ ತಿರುಗುವಾಗ ಕಾಲು ಜಾರಿತು’ ಅಂತ ಖೋಖೋ ಹುಡುಗಿ ಬರೆದರೆ ಮರುದಿನ ಎಲ್ಲಿಂದ ಶುರು ಮಾಡಬೇಕು ಅನ್ನೋದು ಸಿಕ್ಕಿತು.

‘ಸೋಮಾರಿ’ ಅನ್ನುವ ಮುನ್ನ

ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು ಬರುವ ಹೊತ್ತಿಗೆ ಎಷ್ಟೋ ಹುಡುಗಿಯರು ಓಟದಲ್ಲಿ ಹಿಂದೆ ಬೀಳುತ್ತಾರೆ. ‘ದೊಡ್ಡವಳಾದ ಮೇಲೆ ಆಟದಲ್ಲಿ ಮನಸ್ಸೇ ಇಲ್ಲ’ ಅಂತ ಮನೆಯವರು, ‘ಸೋಮಾರಿ ಆಗಿದ್ದಾಳೆ’ ಅಂತ ಮೇಷ್ಟ್ರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಪುಸ್ತಕ ತೆಗೆದು ನೋಡಿ. ಅಭ್ಯಾಸ ಒಂದು ದಿನವೂ ತಪ್ಪಿಲ್ಲ, ಆದರೂ ಓಟದ ಸಮಯ ಆರು ವಾರದಿಂದ ಹೆಚ್ಚುತ್ತಲೇ ಇದೆ, ಮೊದಲು 5 ಅಂಕ ಕೊಡುತ್ತಿದ್ದ ಅಭ್ಯಾಸಕ್ಕೇ ಈಗ 8 ಕೊಟ್ಟಿದ್ದಾಳೆ ಅಂದರೆ ಅದು ಸೋಮಾರಿತನ ಹೇಗಾದೀತು? ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಪಾಪ, ಬೈದರೆ ಅವಳು ಓಡೋದಾದರೂ ಹೇಗೆ?

ಹಾಗೆಯೇ ಮೂರು ತಿಂಗಳು ಸತತವಾಗಿ ಮುಟ್ಟು ನಿಂತಿದ್ದರೆ ‘ಆಡೋರಿಗೆ ಇದೆಲ್ಲ ಸಹಜ’ ಅಂತ ಸುಮ್ಮನಾಗಬೇಡಿ. ದುಡಿಮೆಗೆ ತಕ್ಕ ಊಟ ಮೈಗೆ ಸಿಗುತ್ತಿಲ್ಲ ಅನ್ನುವುದರ ಸೂಚನೆ ಇರಬಹುದು. ಹಾಗೇ ಬಿಟ್ಟರೆ ಮೂಳೆಗಳು ದುರ್ಬಲವಾಗುತ್ತವೆ. ತಡಮಾಡದೆ ವೈದ್ಯರಿಗೆ ತೋರಿಸಿ, ಹೋಗುವಾಗ ಆ ಪುಸ್ತಕವೂ ಜತೆಗಿರಲಿ.

ಅದು ಅವಳ ಪುಸ್ತಕ

ಈಗ ಅಮ್ಮಂದಿರಿಗೆ ಸ್ವಲ್ಪ ಖಾರವಾದ ಮಾತು. ದಯವಿಟ್ಟು ಇದನ್ನು ಇನ್ನೊಂದು ಪ್ರೋಗ್ರೆಸ್ ಕಾರ್ಡ್ ಮಾಡಬೇಡಿ. ದಿನಾ ತೆಗೆದು ನೋಡೋದು, ಕೆಂಪು ಪೆನ್ನಿನಲ್ಲಿ ಗೀಟು ಎಳೆಯೋದು, ಪಕ್ಕದ ಮನೆ ಹುಡುಗಿಯ ಟೈಮಿಂಗ್ ಜತೆ ಹೋಲಿಸೋದು ಶುರುವಾಯಿತೋ, ಅವಳು ನಿಮಗೆ ಖುಷಿಯಾಗುವಂಥದ್ದನ್ನೇ ಬರೆಯುತ್ತಾಳೆ. ನೋವಿದ್ದರೂ ‘ಚೆನ್ನಾಗಿತ್ತು’ ಅಂತಾಳೆ. ಸುಳ್ಳು ತುಂಬಿದ ಪುಸ್ತಕಕ್ಕಿಂತ ಖಾಲಿ ಪುಸ್ತಕವೇ ವಾಸಿ ಅಲ್ಲವೇ? ‘ನೋಡಲಾ?’ ಅಂತ ಕೇಳಿ. ಭಾನುವಾರ ಒಂದು ಹತ್ತು ನಿಮಿಷ ಇಬ್ಬರೂ ಕೂತು ತಿರುವಿಹಾಕಿ. ಬೇಡ ಅಂದರೆ ಬಿಡಿ. ನೋವು, ಮುಟ್ಟಿನ ತೊಂದರೆ ಮಾತ್ರ ಮುಚ್ಚಿಡಬೇಡ ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ‘ಆಡಿದ್ದು ಸಾಕು, ಇನ್ನು ಓದು’ ಅನ್ನುವ ಮಾತು ಮನೆಮನೆಯಲ್ಲೂ ಬರುತ್ತೆ. ಅಪ್ಪ ಮಾತಾಡ್ತಾರೆ, ಅಜ್ಜಿ ಮಾತಾಡ್ತಾರೆ, ಮಾವ ಫೋನ್ ಮಾಡ್ತಾರೆ. ಮಾತಾಡದೆ ಕೂತಿರೋಳು ಅವಳೊಬ್ಬಳೇ. ಆವತ್ತು ಅವಳ ಕೈಲಿ ಪುಸ್ತಕವಿದ್ದರೆ, ಮೈದಾನದಲ್ಲಿ ಎಷ್ಟು ಹೊತ್ತು ಕಳೆದೆ, ಅದರಿಂದ ಏನು ಸುಧಾರಿಸಿತು ಅನ್ನೋದನ್ನು ಲೆಕ್ಕ ಸಮೇತ ಹೇಳಬಲ್ಲಳು. ಒಂದು ವೇಳೆ ಆ ಪುಸ್ತಕವೇ, ತಿಂಗಳುಗಳಿಂದ ಅವಳಿಗೆ ಆಟದಲ್ಲಿ ಸಂತೋಷವಿಲ್ಲ ಅನ್ನುವುದನ್ನು ಹೇಳುತ್ತಿದ್ದರೆ? ಅದನ್ನೂ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳಿ.

ಇದಕ್ಕೆ ದುಬಾರಿ ವಾಚು, ಮೊಬೈಲ್ ಆ್ಯಪ್ ಯಾವುದೂ ಬೇಕಾಗಿಲ್ಲ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಇನ್ನೊಂದು ವಿಷಯ, ತರುವಾಗ ಎರಡು ತನ್ನಿ. ನೀವೂ ಬೆಳಿಗ್ಗೆ ವಾಕಿಂಗ್ ಹೋಗ್ತೀರಿ, ಮಹಿಳಾ ಸಮಾಜದಲ್ಲಿ ಥ್ರೋಬಾಲ್ ಆಡ್ತೀರಿ ತಾನೇ? ಅಮ್ಮನೂ ದಿನಾ ಬರೆಯೋದನ್ನು ನೋಡಿದರೆ ಮಗಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.