ಕಂಬಗಳು ಯಾಕೆ ಅಷ್ಟು ಹತ್ತಿರ?

ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗಿನ ಹೊಸ ವಿದ್ಯಾರ್ಥಿಗಳಿಗೆ ಮೆಕ್ಯಾನಿಕ್ಸ್ ಕಲಿಸುತ್ತೇನೆ. ತೊಲೆಯ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿದ ಹುಡುಗಿಗೆ ಕೇಳಿದೆ: ‘ಐಹೊಳೆಯ ಲಾಡಖಾನ್ ಗುಡಿಯಲ್ಲಿ ಕಂಬಗಳು ಯಾಕವ್ವಾ ಅಷ್ಟು ಹತ್ತಿರ?’ ಸುಮ್ಮನಾದಳು. ಅವಳೂರು ಹುನಗುಂದ!

ತಪ್ಪು ಕಲಿಸುವ ನಮ್ಮದು. ಕಲ್ಲು ಅದುಮಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಭಾರಕ್ಕೆ ತೊಲೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಕಂಬಗಳ ನಡುವಿನ ಅಂತರ ಹೆಚ್ಚಿದಷ್ಟೂ ಆ ಎಳೆತ ಹೆಚ್ಚು. ಅದಕ್ಕೇ ಕಂಬಗಳು ಹತ್ತಿರ. ಕಾಂಕ್ರೀಟ್ ತೊಲೆಯ ಕೆಳಭಾಗಕ್ಕೆ ಕಬ್ಬಿಣದ ಸರಳು ಹಾಕುವುದೂ ಇದಕ್ಕೇ.

ಸಿಲೆಬಸ್ ಮುಗಿಸುವ ಅವಸರದಲ್ಲಿ ಐಹೊಳೆಗೆ ಹೋಗಲು ಪುರುಸೊತ್ತಿಲ್ಲವೆನ್ನುತ್ತೇವೆ. ಹಾಗಾದರೆ ಮುಗಿಸುತ್ತಿರುವುದು ಏನನ್ನು? ಮೊದಲು ಗುಡಿ ತೋರಿಸೋಣ, ಸೂತ್ರ ಆಮೇಲೆ ಬರೆಸೋಣ. ನಾಳೆ ಇವಳು ಸಹಿ ಹಾಕುವ ಚಾವಣಿಯ ಕೆಳಗೆ ಯಾರದೋ ಮಕ್ಕಳು ಮಲಗಿರುತ್ತಾರೆ.